ಲೆಕ್ಕಕ್ಕೆ ಒಂದೇ ತಲೆ

ವ್ಯಾನಿನ ಬಾಗಿಲು ಎಳೆದಾಗ ಆಗುವ ಸದ್ದನ್ನು ಆ ಕಟ್ಟಡದಲ್ಲಿ ಯಾರೂ ಇಷ್ಟಪಡುತ್ತಿರಲಿಲ್ಲ. ಹಳಿಯ ಮೇಲೆ ಜಾರಬೇಕಾದ ಬಾಗಿಲು ಅದು. ಅರ್ಧ ದಾರಿಯಲ್ಲಿ ಹಟ ಹಿಡಿದು, ತಗಡಿಗೆ ತಗಡು ಉಜ್ಜಿ ಒಮ್ಮೆ ಕಿರುಚಿ, ಆಮೇಲೆ ಧಡ್ ಎಂದು ತೆರೆದುಕೊಳ್ಳುತ್ತಿತ್ತು. ಎರಡನೇ ಮಹಡಿಯ ಬಾಣಂತಿ ಮಗು ಎದ್ದಿತೆಂದು ಬೈಯುತ್ತಿದ್ದಳು. ರಾತ್ರಿ ಪಾಳಿ ಮುಗಿಸಿ ಮಲಗಿದ ಕಾವಲುಗಾರ ದಿಂಬನ್ನು ಕಿವಿಗೆ ಒತ್ತಿಕೊಳ್ಳುತ್ತಿದ್ದ. ಆದರೆ ಆ ಸದ್ದು ಕೇಳಬೇಕಾದ ದಿನ ಕೇಳದೆ ಹೋದರೆ ಇವರೇ ಕಿಟಕಿಯಿಂದ ತಲೆ ಹೊರಹಾಕಿ, "ಯಾಕೆ, ವ್ಯಾನು ಬರಲಿಲ್ವಾ?" ಎಂದು ಬೀದಿಯನ್ನು ಕೇಳುತ್ತಿದ್ದರು.

ಆ ಬೆಳಿಗ್ಗೆ ಬಾಗಿಲು ಕಿರುಚಿತು. ಚಾಲಕ ಇಳಿದು ಬಂದು ಹಳಿಗೆ ಎಣ್ಣೆ ಬಿಟ್ಟ. ಎಷ್ಟು ಎಣ್ಣೆ ಕುಡಿದರೂ ಅದರ ಗಂಟಲು ಸರಿಹೋಗಿರಲಿಲ್ಲ. ಅವನನ್ನು ಎಲ್ಲರೂ ನಿಧಾನಪ್ಪ ಎನ್ನುತ್ತಿದ್ದರು. ರಸ್ತೆಯಲ್ಲಿ ಉಬ್ಬು ಕಂಡರೆ, ನಿದ್ದೆ ಹೋದ ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಗಾಡಿ ಇಳಿಸುವವನು. ಬೇರೆಯವರಿಗೆ ಆ ಹೆಸರು ಗೇಲಿ. ಸೂಜಿ ಚುಚ್ಚಿಸಿಕೊಂಡ ತೋಳನ್ನು ಮಡಿಲಲ್ಲಿಟ್ಟುಕೊಂಡು ಆಸ್ಪತ್ರೆಯಿಂದ ಮರಳುವವರಿಗೆ ಅದು ಹೊಗಳಿಕೆ.

ಮೆಟ್ಟಿಲುಗಳ ಮೇಲಿಂದ ಇಬ್ಬರು ಹೆಂಗಸರು ಇಳಿದು ಬರುತ್ತಿದ್ದರು. ಮುಂದಿನವಳು ಅಕ್ಕ, ಬಿಸಿಲಿಗೆ ಒಣಗಿದ ಕಡ್ಡಿಯಂತೆ ತೆಳ್ಳಗೆ. ಹಿಂದಿನಿಂದ ಅವಳ ರಟ್ಟೆ ಹಿಡಿದವಳು ತಂಗಿ, ಅಗಲ ಹೆಗಲು, ನರೆತ ಜಡೆ, ನಿಂತಲ್ಲೆಲ್ಲ ಕಾಲು ಚೂರು ಅಗಲಿಸಿ ನಿಲ್ಲುವ ಅಭ್ಯಾಸ. ಓಡುವ ಬಸ್ಸಿನಲ್ಲಿ ಆಯುಷ್ಯ ಕಳೆದವರು ನಿಲ್ಲುವುದೇ ಹಾಗೆ. ನಿವೃತ್ತಿಯಾಗುವ ತನಕ ಅವಳು ನಗರದ ಬಸ್ಸುಗಳಲ್ಲಿ ಕಂಡಕ್ಟರ್ ಆಗಿದ್ದಳು. ಎಲ್ಲರೂ ಹತ್ತಿದ ಮೇಲೆ ಬಸ್ಸಿನ ಬೆನ್ನು ತಟ್ಟಿ ಅವಳು "ರೈಟ್ ರೈಟ್" ಎಂದರೆ ಪಕ್ಕದ ಬೀದಿಯ ನಾಯಿಗಳೂ ದಾರಿ ಬಿಡುತ್ತಿದ್ದವು. ಜನ ಅವಳನ್ನು ರೈಟಮ್ಮ ಎಂದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿಯಿತು.

"ಕಾಲು ನೋಡ್ಕೊಂಡು ಇಡಕ್ಕಾ," ಎಂದಳು ರೈಟಮ್ಮ.

"ನನ್ನ ಕಾಲು ನಾನು ನೋಡ್ಕೋತೀನಿ. ನೀನು ನಿನ್ನ ಬಾಯಿ ನೋಡ್ಕೊ. ಇವತ್ತಲ್ವಾ ಸಭೆ?"

"ಹೂಂ."

"ಅಲ್ಲಿ ನನ್ನ ಹೆಸರು ಎತ್ತಬೇಡ. ನಮ್ಮಕ್ಕನಿಗೆ ಹುಷಾರಿಲ್ಲ, ನಮ್ಮಕ್ಕನಿಗೆ ಹುಷಾರಿಲ್ಲ ಅಂತ ಅವರ ಮುಂದೆ ಗೋಗರೆದರೆ, ಈ ವ್ಯಾನಿಂದ ಇಳಿದು ನಡ್ಕೊಂಡೇ ಹೋಗ್ತೀನಿ."

"ನಡಿಯೋಕೆ ಕಾಲಲ್ಲಿ ಬಲ ಬೇಕಲ್ಲ."

"ತೆವಳ್ಕೊಂಡು ಹೋಗ್ತೀನಿ. ನಿನಗೇನು?"

ನಿಧಾನಪ್ಪ ಬಾಯಿ ಬಿಗಿಹಿಡಿದು ನಗು ತಡೆದ. ಅಕ್ಕನನ್ನು ಕಿಟಕಿಯ ಪಕ್ಕ ಕೂರಿಸಿ, ರೈಟಮ್ಮ ಅವಳ ಶಾಲನ್ನು ಕತ್ತಿನ ಸುತ್ತ ಸರಿಮಾಡಿದಳು. ಹಿಂದಿನ ಸೀಟಿನಲ್ಲಿ ಗಡಿಯಾರ ರಿಪೇರಿಯ ಮುದುಕರು ಆಗಲೇ ಕೂತಿದ್ದರು. ಸಕ್ಕರೆ ಕಾಯಿಲೆ ಮೊದಲು ಅವರ ಕಣ್ಣನ್ನು, ಆಮೇಲೆ ಮೂತ್ರಪಿಂಡವನ್ನು ತಿಂದಿತ್ತು. ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ.

"ರೈಟಮ್ಮ, ಇವತ್ತೂ ಟಿಕೆಟ್ ಕೊಡಲ್ವಾ?" ಎಂದರು ಅವರು. ಇದು ಅವರ ದಿನದ ಜೋಕು.

"ನಿಮಗೆ ಪಾಸ್ ಇದೆಯಲ್ಲ."

"ಯಾವತ್ತಿನವರೆಗೆ?"

ಎಂದೂ ಕೇಳದ ಪ್ರಶ್ನೆ ಅದು. ವ್ಯಾನು ನಿಲ್ಲಿಸುತ್ತಾರೆಂಬ ಮಾತು ಕಾಲೋನಿಯಲ್ಲಿ ಹಬ್ಬಿತ್ತೆಂದು ರೈಟಮ್ಮನಿಗೆ ಅರ್ಥವಾಯಿತು. "ಕೂತ್ಕೊಳ್ಳಿ ಯಜಮಾನ್ರೇ, ಗಾಡಿ ಹೊರಡ್ತಿದೆ," ಎಂದು ಬಾಗಿಲು ಎಳೆದಳು. ಬಾಗಿಲು ಕಿರುಚಿತು. ವಾಪಸ್ ಬರುವಾಗ ನಗರಸಭೆಯ ಮುಂದೆ ನಿಲ್ಲಿಸಿ ತನ್ನನ್ನೂ ಹತ್ತಿಸಿಕೊಳ್ಳಲು ನಿಧಾನಪ್ಪನಿಗೆ ಹೇಳಿ, ವ್ಯಾನಿನ ಬೆನ್ನಿಗೆ ಅಂಗೈಯಿಂದ ಎರಡು ಪೆಟ್ಟು ಕೊಟ್ಟಳು.

ಆ ವ್ಯಾನು ಓಡುತ್ತಿದ್ದುದು ಕೇಂದ್ರದ ಅನುದಾನದಿಂದ. ಕೇಂದ್ರ ಸರ್ಕಾರ ಪ್ರತಿ ವರ್ಷ ನಗರಕ್ಕೊಂದು ಮೊತ್ತ ಕಳಿಸುತ್ತಿತ್ತು: ಬಡವರ ಮನೆಗಳಿಗೆ, ಬಡವರ ಬೀದಿಗಳಿಗೆ, ಬಡವರಿಗೆ ಬೇಕಾದ ಸೇವೆಗಳಿಗೆ. ದೊಡ್ಡ ಪಾಲು ಇಟ್ಟಿಗೆ, ಸಿಮೆಂಟು, ಸೋರುವ ಸೂರುಗಳಿಗೆ ಹೋಗಬೇಕು. ಸಣ್ಣ ಪಾಲು ಮಾತ್ರ ಜನರ ಸೇವೆಗೆ. ಆ ಸಣ್ಣ ಪಾಲಿನೊಳಗಿನ ಒಂದು ತುಣುಕು ನಿಧಾನಪ್ಪನ ಸಂಬಳ, ಡೀಸೆಲ್, ಹಳಿಯ ಎಣ್ಣೆ. ಯಾರಿಗೆ ಎಷ್ಟು ಎಂದು ಹಂಚುವ ಕರಡನ್ನು ನಗರಸಭೆಯ ಯೋಜನಾಧಿಕಾರಿ ಬರೆಯುತ್ತಿದ್ದ. ಅದಕ್ಕೆ ಕೈಯೆತ್ತಿ ಒಪ್ಪಿಗೆ ಕೊಡಲು ನಾಗರಿಕರದ್ದೊಂದು ಸಮಿತಿ ಇತ್ತು. ಅನುದಾನದಲ್ಲಿ ಕಟ್ಟಿದ ಕಾಲೋನಿಗಳಿಂದಲೂ ಒಬ್ಬರು ಸಮಿತಿಯಲ್ಲಿ ಇರಬೇಕೆಂಬ ನಿಯಮದಿಂದ ರೈಟಮ್ಮ ಅಲ್ಲಿಗೆ ಬಂದಿದ್ದಳು. ನಿವೃತ್ತ ಕಂಡಕ್ಟರ್, ಹೆಚ್ಚು ಓದಿಲ್ಲ, ಒಂದು ಟೀ ಕುಡಿದು ಕೈಯೆತ್ತಿ ಹೋಗುತ್ತಾಳೆ ಎಂದು ಆರಿಸಿದವರು ಎಣಿಸಿದ್ದರು. ಅವಳ ಬಸ್ಸಿನಲ್ಲಿ ಒಮ್ಮೆಯಾದರೂ ಪ್ರಯಾಣ ಮಾಡಿದ್ದರೆ ಹಾಗೆ ಎಣಿಸುತ್ತಿರಲಿಲ್ಲ.

ಅವಳಿಗೆ ಬಸ್ಸು ಸಿಕ್ಕಿದ್ದೇ ಅಕ್ಕನಿಂದ. ಅಮ್ಮ ತೀರಿಕೊಂಡಾಗ ತಂಗಿ ಇನ್ನೂ ಲಂಗದ ತುದಿ ಚೀಪುವ ವಯಸ್ಸು. ಅಕ್ಕ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಹಾಕುತ್ತ ಅವಳನ್ನು ಸಾಕಿದಳು. ಹಬೆಯಲ್ಲಿ ಬೆಂದ ಬೆರಳುಗಳಿಂದಲೇ ತಂಗಿಯ ತಲೆ ಬಾಚುತ್ತಿದ್ದಳು, ಬಾಚಣಿಗೆ ಸಿಕ್ಕಿಹಾಕಿಕೊಂಡರೆ ಇಬ್ಬರೂ ಒಬ್ಬರಿಗೊಬ್ಬರು ಬೈದುಕೊಳ್ಳುತ್ತಿದ್ದರು. ಹೆಂಗಸರನ್ನು ಕಂಡಕ್ಟರ್ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆಂದು ಲಾಂಡ್ರಿಗೆ ಬಂದ ಸಮವಸ್ತ್ರಗಳ ನಡುವೆ ಯಾರೋ ಮಾತಾಡಿದ್ದನ್ನು ಕೇಳಿಸಿಕೊಂಡು ಬಂದವಳು ಅವಳೇ. "ನಿನ್ನ ಬಾಯಿಗೆ ಸರಿಯಾದ ಕೆಲಸ," ಎಂದಳು. ಮೊದಲ ದಿನದ ಖಾಕಿ ಅಂಗಿಗೆ ಅವಳು ಹಾಕಿದ ಇಸ್ತ್ರಿಯ ಗೆರೆ ಎಷ್ಟು ಚೂಪಾಗಿತ್ತೆಂದರೆ, ಕೈ ತಾಗಿಸಲು ರೈಟಮ್ಮನಿಗೆ ಭಯವಾಗಿತ್ತು.

ಅಕ್ಕನ ಮೂತ್ರಪಿಂಡ ಕೈಕೊಟ್ಟ ಹೊಸದರಲ್ಲಿ ವ್ಯಾನು ಇರಲಿಲ್ಲ. ಇಬ್ಬರೂ ಬಸ್ಸಿನಲ್ಲೇ ಆಸ್ಪತ್ರೆಗೆ ಹೋಗಿ ಬರುತ್ತಿದ್ದರು. ಹೋಗುವಾಗ ಪರವಾಗಿಲ್ಲ. ಡಯಾಲಿಸಿಸ್ ಮುಗಿಸಿ ಬರುವಾಗ ಅಕ್ಕನ ಮೈಯಲ್ಲಿ ಹಿಂಡಿದ ಬಟ್ಟೆಯಷ್ಟೂ ಜೀವ ಇರುತ್ತಿರಲಿಲ್ಲ. ರೈಟಮ್ಮನಿಗೆ ಕೆಲಸವಿದ್ದ ಒಂದು ದಿನ ಅಕ್ಕ ಒಬ್ಬಳೇ ಬಂದವಳು ಬಸ್ ನಿಲ್ದಾಣದ ಕಂಬಕ್ಕೆ ಒರಗಿ ಹಾಗೇ ಕುಸಿದು ಕೂತಳು. ಕುಡಿದಿದ್ದಾಳೆ ಎಂದುಕೊಂಡು ಜನ ದಾಟಿಕೊಂಡು ಹೋದರು. ಅವಳನ್ನು ಕೊನೆಗೆ ಕಂಡದ್ದು ಅದೇ ನಿಲ್ದಾಣಕ್ಕೆ ಬಂದ ಬಸ್ಸಿನ ಕಂಡಕ್ಟರ್, ರೈಟಮ್ಮನೇ. ಬಸ್ಸು ತುಂಬಿತ್ತು. ಅವಳು ಒಂದು ಸೀಟು ಖಾಲಿ ಮಾಡಿಸಿ, ಅಕ್ಕನನ್ನು ಎತ್ತಿ ತಂದು ಕೂರಿಸಿ, ಪದ್ಧತಿ ಬಿಡದೆ ಟಿಕೆಟ್ ಹರಿದು ಅವಳ ಕೈಗಿಟ್ಟು, ಹಣವನ್ನು ತನ್ನ ಜೇಬಿನಿಂದ ಹಾಕಿದಳು. ಆ ದಿನದ ಬಗ್ಗೆ ಇಬ್ಬರೂ ಮತ್ತೆಂದೂ ಮಾತಾಡಲಿಲ್ಲ. ಮರುವರ್ಷ ವ್ಯಾನು ಬಂತು.

ಸಮಿತಿಯಲ್ಲಿ ಒಂದು ಪದ್ಧತಿ ಇತ್ತು. ಅನುದಾನದ ಬಾಬತ್ತುಗಳನ್ನು ಒಂದೊಂದಾಗಿ ಓದಿ ಕೈಯೆತ್ತಿಸುವುದು. ಯಾವ ಬಾಬತ್ತಿನಲ್ಲಿ ಸದಸ್ಯರಿಗೆ ಅಥವಾ ಅವರ ಮನೆಯವರಿಗೆ ಲಾಭವಿದೆಯೋ, ಅದರ ಸರದಿ ಬಂದಾಗ ಆ ಸದಸ್ಯರು ಎದ್ದು ಹೊರಗೆ ಹೋಗಿ ನಿಲ್ಲಬೇಕು. ಅಧ್ಯಕ್ಷರದ್ದು ಸಿಮೆಂಟ್ ಅಂಗಡಿ. ಮನೆ ರಿಪೇರಿಯ ಸರದಿ ಬಂದಾಗ ಅವರು ಮೊಣಕಾಲು ಹಿಡಿದು ಎದ್ದು, ಹೊರಗೆ ನೀರಿನ ಫಿಲ್ಟರಿನ ಪಕ್ಕ ನಿಂತು ಒಂದು ಲೋಟ ನೀರು ಕುಡಿದು, ಕರೆದಾಗ ಬಾಯಿ ಒರೆಸಿಕೊಳ್ಳುತ್ತ ಒಳಗೆ ಬರುತ್ತಿದ್ದರು. ವ್ಯಾನಿನ ಸರದಿಗೆ ರೈಟಮ್ಮ ಅದೇ ಜಾಗದಲ್ಲಿ ನಿಲ್ಲುತ್ತಿದ್ದಳು. ಒಮ್ಮೆ ಫಿಲ್ಟರಿನ ಹತ್ತಿರ ಎದುರಾದಾಗ ಅಧ್ಯಕ್ಷರು, "ಇದು ನಮ್ಮಿಬ್ಬರ ಬಸ್ ಸ್ಟಾಪು," ಎಂದು ನಕ್ಕಿದ್ದರು. ಅವಳೂ ನಕ್ಕಿದ್ದಳು. ಅವಳ ಮಾತಿಲ್ಲದೆಯೇ ವ್ಯಾನಿಗೆ ಪ್ರತಿ ವರ್ಷ ಒಪ್ಪಿಗೆ ಸಿಗುತ್ತಿತ್ತು.

ಈ ವರ್ಷ ಹೊಸ ಯೋಜನಾಧಿಕಾರಿ ಬಂದಿದ್ದ. ಚಿಕ್ಕ ವಯಸ್ಸು, ಚುರುಕು, ಮಾತು ಮೆತ್ತಗೆ. ಅವನ ಕರಡಿನಲ್ಲಿ ವ್ಯಾನು ಇರಲಿಲ್ಲ. ಅದರ ಜಾಗದಲ್ಲಿ ಒಂದು ಸಹಾಯವಾಣಿ ಇತ್ತು, ಜನ ಫೋನು ಮಾಡಿ ಮಾಹಿತಿ ಕೇಳುವುದಕ್ಕೆ. ಹಿಂದಿನ ವಾರ ರೈಟಮ್ಮ ಅವನ ಕೋಣೆಗೇ ಹೋಗಿ ಕೂತಿದ್ದಳು.

"ಅಮ್ಮಾ, ನನಗೂ ಬೇಜಾರಿದೆ," ಎಂದಿದ್ದ ಅವನು. "ಆದರೆ ಕೇಂದ್ರದವರು ಎಷ್ಟು ಜನ ಫಲಾನುಭವಿಗಳು ಅಂತ ಕೇಳ್ತಾರೆ. ವ್ಯಾನಲ್ಲಿ ಹೋಗೋದು ಬೆರಳೆಣಿಕೆ ಜನ. ವರ್ಷವೆಲ್ಲ ಅದೇ ಮುಖಗಳು. ಸಹಾಯವಾಣಿಗೆ ಇಡೀ ನಗರವೇ ಫಲಾನುಭವಿ."

"ನಮ್ಮಕ್ಕ ವಾರವಾರ ಹೋಗಿ ಬರ್ತಾಳಲ್ಲ. ಅವಳನ್ನ ಎಷ್ಟು ಸಲ ಎಣಿಸ್ತೀರಿ?"

"ಒಂದು ಸಲ. ಒಬ್ಬರೇ ಅಲ್ವಾ ಅವರು."

"ನನ್ನ ಬಸ್ಸಲ್ಲಿ ಒಬ್ಬ ಮನುಷ್ಯ ಹತ್ತು ಸಲ ಹತ್ತಿದರೆ ಹತ್ತು ಟಿಕೆಟ್ ಹರೀತಿದ್ದೆ ನಾನು."

"ಅದು ಬಸ್ಸಮ್ಮ. ಇದು ಅನುದಾನ."

"ಫೋನಲ್ಲಿ ಏನು ಹೇಳ್ತೀರಿ ಅವಳಿಗೆ?"

"ಆಸ್ಪತ್ರೆ ಎಲ್ಲಿದೆ, ಯಾವ ಬಸ್ಸು ಹೋಗುತ್ತೆ..."

"ಯಾವ ಬಸ್ಸು ಹೋಗುತ್ತೆ ಅಂತ," ಎಂದು ರೈಟಮ್ಮ ಅವನ ಮಾತನ್ನು ಅವನಿಗೇ ತಿರುಗಿಸಿ ಕೊಟ್ಟಳು. ಅವನಿಗೆ ಮುಟ್ಟಲಿಲ್ಲ. ತಮ್ಮ ಅಭಿಪ್ರಾಯವನ್ನು ಗಮನಕ್ಕೆ ತೆಗೆದುಕೊಂಡಿದ್ದೇನೆ ಎಂದು ಎದ್ದು ನಿಂತು ಬೀಳ್ಕೊಟ್ಟ. ಮನೆಗೆ ಬಂದು ಹೇಳಿದಾಗ ಅಕ್ಕ ಗೋಡೆಗೆ ಒರಗಿಕೊಂಡು ಪೂರ್ತಿ ಕೇಳಿಸಿಕೊಂಡಳು.

"ಹಾಗಾದ್ರೆ ನಾನು ಲೆಕ್ಕಕ್ಕೆ ಒಂದೇ ತಲೆ," ಎಂದಳು ಕೊನೆಗೆ. "ಆ ಒಂದು ತಲೆನೂ ಚಿಕ್ಕಂದಿನಿಂದ ನೀನೇ ತಿಂದಿದೀಯ."

ಸಭೆಯ ಕೋಣೆ ನಗರಸಭೆಯ ಮೊದಲ ಮಹಡಿಯಲ್ಲಿತ್ತು. ಗಾಜು ಹಾಸಿದ ಉದ್ದ ಮೇಜು, ಗಾಜಿನಡಿ ಹಳೆಯ ಕ್ಯಾಲೆಂಡರಿನ ಚಿತ್ರಗಳು, ಒಂದೇ ವೇಗ ಗೊತ್ತಿದ್ದ ಫ್ಯಾನು. ಸಮಿತಿಯಲ್ಲಿ ಒಂಬತ್ತು ಜನರಿದ್ದರೂ ಅವತ್ತು ಅರ್ಧ ಕುರ್ಚಿಗಳು ಖಾಲಿ. ಅಧ್ಯಕ್ಷರು, ಔಷಧಿ ಅಂಗಡಿಯವರು, ನಿವೃತ್ತ ಮೇಷ್ಟ್ರು, ಶಿಶುವಿಹಾರದ ಮೇಡಂ, ರೈಟಮ್ಮ. ಮೂಲೆಯಲ್ಲಿ ನಡಾವಳಿ ಬರೆಯುವ ಗುಮಾಸ್ತರು. ಯೋಜನಾಧಿಕಾರಿ ನಿಂತುಕೊಂಡೇ ಮಾತಾಡಿದ.

"ಕೇಂದ್ರಕ್ಕೆ ಕಳಿಸೋಕೆ ಇವತ್ತೇ ಕೊನೇ ದಿನ. ಹಾಗಾಗಿ ಈ ಸಲ ಒಂದೊಂದೇ ಬಾಬತ್ತು ಬೇಡ. ಪೂರ್ತಿ ಹಂಚಿಕೆ ಒಂದೇ ನಿರ್ಣಯ. ಒಂದು ಸಲ ಕೈಯೆತ್ತಿದರೆ ಎಲ್ಲಾ ಮುಗೀತು."

ಅವನ ಲೆಕ್ಕ ಸರಿಯಾಗಿತ್ತು. ಶಿಶುವಿಹಾರಕ್ಕೆ ಹೊಸ ಸೂರು, ಮೇಷ್ಟ್ರ ವಾಚನಾಲಯಕ್ಕೆ ಕಿಟಕಿಗಳು, ಬೀದಿಗೆ ದೀಪಗಳು, ಎಲ್ಲವೂ ಒಂದೇ ಕಟ್ಟಿನಲ್ಲಿದ್ದವು. ವ್ಯಾನಿಗಾಗಿ ಯಾರಾದರೂ ತಕರಾರು ತೆಗೆದರೆ ಅವರ ಸೂರೂ ಕಿಟಕಿಯೂ ಜೊತೆಗೇ ನಿಲ್ಲುತ್ತಿದ್ದವು. ಮೇಡಂ ತನ್ನ ಪೆನ್ನಿನ ಮುಚ್ಚಳ ನೋಡುತ್ತ ಕೂತಳು. ಮೇಷ್ಟ್ರು ಕನ್ನಡಕ ಒರೆಸಿದರು.

"ವ್ಯಾನನ್ನ ಯಾಕೆ ತೆಗೆದಿದ್ದು ಅಂತ ಇವರಿಗೆಲ್ಲ ಹೇಳಿ," ಎಂದಳು ರೈಟಮ್ಮ.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ರೈಟಮ್ಮ, ನೀವು ಆ ವಿಷಯ ಮಾತಾಡೋ ಹಾಗಿಲ್ಲ. ನಿಮ್ಮ ಅಕ್ಕ ಅದರಲ್ಲಿ ಓಡಾಡ್ತಾರೆ. ನಿಮಗೇ ಗೊತ್ತಲ್ಲ ಪದ್ಧತಿ."

"ಗೊತ್ತು. ಆ ವಿಷಯ ಬಂದಾಗ ಹೊರಗೆ ಹೋಗಬೇಕು."

"ಅದೇ."

"ಈ ನಿರ್ಣಯದಲ್ಲಿ ಆ ವಿಷಯ ಇದೆಯಲ್ಲ?"

"ಎಲ್ಲಾ ಒಂದೇ ಅಂತ ಈಗ ಹೇಳಿದ್ರಲ್ಲಮ್ಮ ಸಾಹೇಬರು. ಇರುತ್ತೆ."

"ಹಾಗಾದ್ರೆ ನಾನು ಹೊರಗೆ."

ಅವಳು ಎದ್ದು ಕುರ್ಚಿಯನ್ನು ಮೇಜಿನ ಕೆಳಗೆ ತಳ್ಳಿದಳು. ಅವಳ ಮನಸ್ಸಿನಲ್ಲಿ ಉಪಾಯವೇನೂ ಇರಲಿಲ್ಲ. ಇದ್ದದ್ದು ಸಿಟ್ಟು. ಬಾಯಿ ಮುಚ್ಚಿಸಿಕೊಂಡು ಅಲ್ಲೇ ಕೂತು, ಅಕ್ಕನ ವ್ಯಾನು ಕಿತ್ತುಕೊಳ್ಳುವ ಕೈಗಳನ್ನು ಎಣಿಸುವ ಬದಲು ಫಿಲ್ಟರಿನ ಪಕ್ಕ ನಿಲ್ಲುವುದೇ ಮೇಲು ಎನಿಸಿತ್ತು, ಅಷ್ಟೆ. ಬಾಗಿಲು ತಲುಪುವಷ್ಟರಲ್ಲಿ ಮೂಲೆಯಿಂದ ಗುಮಾಸ್ತರು ಕೆಮ್ಮಿದರು.

"ಸಾರ್, ಅಮ್ಮಾವ್ರು ಹೋದರೆ ನಾಲ್ಕೇ ಜನ ಆಗ್ತಾರೆ. ಐದು ಜನ ಇಲ್ಲದೆ ನಿರ್ಣಯ ಬರೆಯೋಕೆ ಬರಲ್ಲ."

ಅಧ್ಯಕ್ಷರು ಕುರ್ಚಿಗಳನ್ನು ಕಣ್ಣಲ್ಲೇ ಎಣಿಸಿದರು. ಆಮೇಲೆ ಅವರ ಮುಖದ ಮೇಲೆ ಇನ್ನೊಂದು ಯೋಚನೆ ಹಾದುಹೋಯಿತು. ಮನೆ ರಿಪೇರಿಯೂ ಇದೇ ನಿರ್ಣಯದಲ್ಲಿತ್ತು. ಅವರೂ ಹೊರಗೆ ಇರಬೇಕಾದವರೇ.

"ಅಮ್ಮಾ, ಬನ್ನಿ, ಕೂತ್ಕೊಳ್ಳಿ," ಎಂದ ಯೋಜನಾಧಿಕಾರಿ. "ಇದೊಂದು ಸಲ ಪರವಾಗಿಲ್ಲ."

"ಪದ್ಧತಿ?"

"ಸುಮ್ಮನೆ ಕೂತಿರಿ ಸಾಕು. ಕೈ ಎತ್ತೋದೂ ಬೇಡ."

"ಸುಮ್ಮನೆ ಕೂತಿರೋಕೆ ನಾನೇನು ಹೂದಾನಿಯಾ?"

ಮೇಷ್ಟ್ರು ಕನ್ನಡಕದ ಹಿಂದೆ ನಕ್ಕರು. ಯೋಜನಾಧಿಕಾರಿ ಗುಮಾಸ್ತರ ಕಡೆ ತಿರುಗಿದ. "ಇವತ್ತು ನಿರ್ಣಯ ಆಗದಿದ್ದರೆ ನಗರಕ್ಕೇ ದುಡ್ಡು ಬರಲ್ಲ, ಅಲ್ವೇನ್ರೀ? ಅಮ್ಮಾವ್ರಿಗೆ ಹೇಳಿ."

ಗುಮಾಸ್ತರು ಆ ಕೋಣೆಯಲ್ಲಿ ಎಷ್ಟೋ ಅಧಿಕಾರಿಗಳನ್ನು ಕಂಡವರು. ಸುಳ್ಳು ಹೇಳಲು ಅವರಿಗೆ ಆಸೆಯಿತ್ತೋ ಏನೋ, ಅಭ್ಯಾಸವಿರಲಿಲ್ಲ. "ಬರುತ್ತೆ ಸಾರ್. ಹೋದ ವರ್ಷದ ಹಂಚಿಕೆಯೇ ಮುಂದುವರಿಯುತ್ತೆ. ಹೊಸದು ಬೇಕಂದ್ರೆ ಆ ಕಾಲೋನಿಗಳಲ್ಲೇ ಜನರ ಸಭೆ ಕರೆದು, ಎಲ್ಲರ ಮುಂದೆ ಕರಡು ಓದಬೇಕು. ಆಮೇಲೆ ಮತ್ತೆ ಸಮಿತಿ."

ಹೋದ ವರ್ಷದ ಹಂಚಿಕೆಯಲ್ಲಿ ವ್ಯಾನು ಇತ್ತು. ಅದನ್ನು ಅರ್ಥ ಮಾಡಿಕೊಳ್ಳಲು ರೈಟಮ್ಮನಿಗೆ ಒಂದು ಉಸಿರು ಸಾಕಾಯಿತು. ಅವಳು ಹೊಸ್ತಿಲು ದಾಟಿದಳು.

"ರೈಟಮ್ಮ, ನಮ್ಮ ಸೂರು ಮುಂದಕ್ಕೆ ಹೋಗುತ್ತೆ," ಎಂದಳು ಶಿಶುವಿಹಾರದ ಮೇಡಂ, ಮೆಲ್ಲಗೆ.

ಆ ಮಾತು ಮಾತ್ರ ಅವಳನ್ನು ತಡೆಯಿತು. ತಿರುಗಿ ನೋಡಿದಳು. "ಗೊತ್ತು ಮೇಡಂ. ಮಕ್ಕಳ ತಲೆ ಮೇಲೆ ನೀರು ಸುರಿಸಿ ನನಗೇನೂ ಖುಷಿಯಿಲ್ಲ. ನಿಮ್ಮ ಸೂರನ್ನ ನಮ್ಮ ವ್ಯಾನಿಗೆ ಕಟ್ಟಿದ್ದು ನಾನಲ್ಲ. ಬಿಚ್ಚಿಕೊಡಿ ಅಂತ ಅವರನ್ನ ಕೇಳಿ. ಜನರ ಸಭೆಗೆ ಬನ್ನಿ, ನಿಮ್ಮ ಸೂರಿಗೆ ಮೊದಲು ಕೂಗೋದು ನಾನೇ."

ಮೇಡಂ ಪೆನ್ನಿನ ಮುಚ್ಚಳ ಮುಚ್ಚಿದಳು.

ಯೋಜನಾಧಿಕಾರಿ ಮೆಟ್ಟಿಲ ತನಕ ಅವಳ ಹಿಂದೆ ಬಂದ. ಫಿಲ್ಟರ್ ತೊಟ್ಟಿಕ್ಕುತ್ತಿತ್ತು. ಅವನು ದನಿ ತಗ್ಗಿಸಿದ. "ಅಮ್ಮಾ, ನೇರವಾಗಿ ಹೇಳ್ತೀನಿ. ನಿಮ್ಮ ಅಕ್ಕನ ಕಷ್ಟ ನನಗೆ ಅರ್ಥ ಆಗುತ್ತೆ. ಅವರೊಬ್ಬರಿಗೆ ಕಾರಿನ ವ್ಯವಸ್ಥೆ ಮಾಡಿಸ್ತೀನಿ. ಮನೆ ಬಾಗಿಲಿಗೇ ಬರುತ್ತೆ, ಮನೆ ಬಾಗಿಲಿಗೇ ಬಿಡುತ್ತೆ. ಎಷ್ಟು ದಿನ ಬೇಕೋ ಅಷ್ಟು ದಿನ. ನೀವು ಒಳಗೆ ಬಂದು ಕೂತರೆ ಸಾಕು."

ರೈಟಮ್ಮ ಗೋಡೆಗೆ ಕೈಯಿಟ್ಟು ನಿಂತಳು. ಕಿರುಚದ ಬಾಗಿಲು, ಮೆತ್ತನೆಯ ಸೀಟು, ಅದರಲ್ಲಿ ಕಣ್ಣುಮುಚ್ಚಿ ಒರಗಿದ ಅಕ್ಕ. ಆ ಚಿತ್ರ ಸ್ಪಷ್ಟವಾಗಿ ಕಣ್ಣೆದುರು ಬಂತು. ಇವನು ಮಾತಿಗೆ ತಪ್ಪುವವನಲ್ಲ, ಮಾಡಿಸಿಯೇ ಮಾಡಿಸುತ್ತಾನೆ ಎಂದೂ ಅನಿಸಿತು. ಆ ಕಾರು ಹೊರಡುವಾಗ ಗಡಿಯಾರದ ಮುದುಕರು ಕಟ್ಟೆಯ ಮೇಲೆ ಕೂತು, ಕಾಣದ ಕಣ್ಣನ್ನು ಸದ್ದಿನ ಕಡೆ ತಿರುಗಿಸುತ್ತಾರೆ. ಜೋಕು ಹೇಳಲು ಅವರಿಗೆ ಏನೂ ಸಿಗುವುದಿಲ್ಲ. ಅಕ್ಕನಂತೂ ತೆವಳಿಕೊಂಡೇ ಹೋದಾಳು.

"ಸ್ವಾಮಿ," ಎಂದಳು. "ನನ್ನ ಬಸ್ಸಲ್ಲಿ ನಮ್ಮಕ್ಕ ಹತ್ತಿದಾಗಲೂ ಟಿಕೆಟ್ ಹರಿದವಳು ನಾನು. ಅವಳೊಬ್ಬಳನ್ನ ಹತ್ತಿಸ್ಕೊಂಡು, ಉಳಿದವರನ್ನ ರಸ್ತೆ ಮೇಲೆ ಬಿಟ್ಟು ಗಾಡಿ ಬಿಡು ಅಂತೀರಲ್ಲ, ಆ ಕೆಲಸ ನನಗೆ ಯಾರೂ ಕಲಿಸಲಿಲ್ಲ."

"ಹಾಗಲ್ಲಮ್ಮ, ಎಲ್ಲರಿಗೂ ಕೊಡೋಕೆ ಆಗಲ್ಲ ಅನ್ನೋದನ್ನ ನೀವು ಅರ್ಥ ಮಾಡ್ಕೋಬೇಕು."

"ನನಗೆ ಅರ್ಥ ಆಗಿದೆ. ಕಾಲೋನಿಗೆ ಬಂದು ಅವರಿಗೆ ಅರ್ಥ ಮಾಡಿಸಿ. ಒಂದೇ ತಲೆ ಅಂದ್ರಲ್ಲ, ಆ ತಲೆ ಮುಂದೆ ನಿಂತು ಹೇಳಿ. ಕುರ್ಚಿ ನಾನು ಹಾಕಿಸ್ತೀನಿ."

ಕೆಳಗೆ ಬೀದಿಯಲ್ಲಿ ತಗಡಿಗೆ ತಗಡು ಉಜ್ಜಿ ಒಂದು ಕಿರುಚು ಕೇಳಿತು, ಹಿಂದೆಯೇ ಧಡ್ ಎಂಬ ಪೆಟ್ಟು. ಯೋಜನಾಧಿಕಾರಿ ಬೆಚ್ಚಿ ಕಿಟಕಿಯ ಕಡೆ ನೋಡಿದ. ಆ ಸದ್ದನ್ನು ಅವನು ಕೇಳಿದ್ದು ಅದೇ ಮೊದಲು.

"ಏನದು?" ಎಂದ.

"ವ್ಯಾನು," ಎಂದಳು ರೈಟಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಇಳಿಯತೊಡಗಿದಳು.

"ಅಮ್ಮಾ, ಒಂದ್ನಿಮಿಷ, ನಾನು ಹೇಳೋದನ್ನ ಪೂರ್ತಿ ಕೇಳಿ. ವ್ಯಾನಿಗೇನೇ ಬೇರೆ ಬಾಬತ್ತಿಂದ ಅರ್ಧ ವರ್ಷದ ಮಟ್ಟಿಗೆ ಏನಾದರೂ ನೋಡಬಹುದು, ಅಧ್ಯಕ್ಷರ ಹತ್ತಿರ ನಾನೇ..." ಅವನು ಮೆಟ್ಟಿಲಿನ ಕಂಬಿಯ ಮೇಲೆ ಬಗ್ಗಿ ಇನ್ನೂ ಮಾತಾಡುತ್ತಲೇ ಇದ್ದ. ಅವಳು ತಿರುವು ದಾಟಿ, ಬಿಸಿಲು ಬಿದ್ದ ಕೊನೆಯ ಮೆಟ್ಟಿಲನ್ನೂ ಇಳಿದು, ಬೀದಿಗೆ ನಡೆದಿದ್ದಳು.